ರಾಶಿಯ ಮೇಲೊಂದು ವಲ್ಲಿ

ಬೈಲಹೊಂಗಲ
೫ ಡಿಸೆಂಬರ್ ೧೯೯೯

ನನ್ನ ಪ್ರೀತಿಯ, ಪ್ರೀತಿಯ, ಪ್ರೀತಿಯ ಇವರೇ,

ಗಂಡನ ಹೆಸರು ಹೇಳಿದರೆ ನಾಲಗೆ ಕಚ್ಚಿಕೊಳ್ಳಬೇಕು ಎಂದು ಅತ್ತೆಯವರು ಹೇಳಿದ್ದಾರೆ. ಬರೆಯುವಾಗ ಏನನ್ನು ಕಚ್ಚಿಕೊಳ್ಳಬೇಕು ಎಂದು ಕೇಳಲು ಧೈರ್ಯವಾಗಲಿಲ್ಲ. ಸುಭಾಸ, ಸುಭಾಸ, ಸುಭಾಸ! ನೋಡಿ, ಪೆನ್ನಿಗೆ ಏನೂ ಆಗಲಿಲ್ಲ.

ಇಂಗ್ಲಿಷಿನಲ್ಲಿ ಬರೆದರೆ ಬ್ಯಾಂಕಿನ ನೋಟೀಸು ಓದಿದ ಹಾಗಾಗುತ್ತದೆ, ಕನ್ನಡದಲ್ಲೇ ಬರೆ ಎಂದು ಬಸ್ಸು ಹತ್ತುವಾಗ ಹೇಳಿದಿರಲ್ಲ, ಅದಕ್ಕೇ ಈ ಸಾಹಸ. ಬೆಳಗಾವಿಯ ಕಾನ್ವೆಂಟಿನ ಸಿಸ್ಟರ್ ನೋಡಿದರೆ ನನ್ನ ಕಾಗುಣಿತಕ್ಕೆ ಕಿವಿ ಹಿಂಡುತ್ತಿದ್ದರು. ಫೋನ್ ಮಾಡೋಣವೆಂದರೆ ಅದು ಇರುವುದು ರೈತರ ಮಾಲು ಮಾರಿಕೊಡುವ ಮಾವನ ಅಡತಿ ಅಂಗಡಿಯಲ್ಲಿ, ಬೀಗ ಹಾಕಿಕೊಂಡು. ಸುತ್ತ ಹಮಾಲರು, ರೈತರು. ಅವರೆಲ್ಲರ ಮುಂದೆ ‘ನಿಮ್ಮ ನೆನಪಾಗುತ್ತಿದೆ’ ಎಂದು ಹೇಳುವುದು ಹೇಗೆ? ಹತ್ತಿಯ ಸುಗ್ಗಿ ಮುಗಿಯುವವರೆಗೆ ನೀವು ಆಂಧ್ರದಲ್ಲಿ, ನಾನು ಈ ಕಾಗದದಲ್ಲಿ. ಕಿತ್ತೂರ ಕೋಟೆಯಲ್ಲಿ ತೆಗೆಸಿದ ಫೋಟೋ ಕನ್ನಡಿಗೆ ಸಿಕ್ಕಿಸಿದ್ದೇನೆ. ನೀವು ಕಣ್ಣು ಮುಚ್ಚಿದ್ದೀರಿ. ಆದರೂ ಚೆಂದ.

ಮೊನ್ನೆ ಮಾವ ನನ್ನನ್ನು ಪೇಟೆಯ ಹರಾಜಿಗೆ ಕರೆದುಕೊಂಡು ಹೋದರು! ಇಲ್ಲಿಯವರು ಅದನ್ನು ಸವಾಲು ಎನ್ನುತ್ತಾರೆ. ಸೊಸೆಯನ್ನು ಸವಾಲಿಗೆ ಕರೆತಂದ ನಿಜಗುಣಪ್ಪನನ್ನು ನೋಡಲು ಅರ್ಧ ಬೈಲಹೊಂಗಲ ನೆರೆದಿತ್ತು. ಅವರ ದನಿ ಏನು ದನಿ! ಒಂದೊಂದು ಅರಳೆಯ ರಾಶಿಯ ಮುಂದೆ ನಿಂತು ದರ ಕೂಗುತ್ತ ಬಂದವರು ಒಂದು ರಾಶಿಯ ಹತ್ತಿರ ಸುಮ್ಮನಾದರು. ಹೆಗಲ ಮೇಲಿನ ವಲ್ಲಿ ತೆಗೆದು ರಾಶಿಯ ಮೇಲೆ ಹಾಸಿ ಪಕ್ಕಕ್ಕೆ ಸರಿದರು. ಇನ್ನೊಬ್ಬ ದಲಾಲರು ಬಂದು ಅದನ್ನು ಕೂಗಿದರು. ನಾನು ಯಾಕೆ ಎಂದು ಕೇಳಿದೆ.

“ಅದರಾಗ ನಮ್ಮ ಹೊಲದ್ದೂ ಒಂದು ಅಂಡಿಗಿ ಅರಳಿ ಐತಿ ಯವ್ವಾ. ನಮ್ಮ ಮಾಲ ಇದ್ದಲ್ಲಿ ನಾ ಬಾಯಿ ತಗಿಯೂಹಂಗಿಲ್ಲ. ವಲ್ಲಿ ಹಾಕಿದ್ರ ಮಂದಿಗೆ ತಿಳಿತೈತಿ.”

ಎಷ್ಟು ಚೆಂದದ ಪದ್ಧತಿ ಅಲ್ಲವೇ? ನನಗೂ ಒಂದು ವಲ್ಲಿ ಬೇಕು. ನಿಮ್ಮ ಮೇಲೆ ಹಾಕಿಡಲು.

ನಿಮ್ಮವಳೇ ಆದ
ವಿಜಯಾ

—

ಎಲ್ಲಂಪೇಟ, ವರಂಗಲ್ ಜಿಲ್ಲೆ
೧೬ ಡಿಸೆಂಬರ್ ೧೯೯೯

ವಿಜಿ,

ನಿನ್ನ ಪತ್ರವನ್ನು ಅರಳೆಯ ಮೇಲೆ ಮಲಗಿ ಓದಿದೆ. ನನ್ನ ಹಾಸಿಗೆ ಈಗ ಅದೇ. ರಾಜರಿಗೂ ಇಷ್ಟು ದಪ್ಪದ ಗಾದಿ ಇರಲಿಕ್ಕಿಲ್ಲ, ಆದರೆ ಬೆಳಿಗ್ಗೆ ಎದ್ದರೆ ಮೀಸೆ ಬೆಳ್ಳಗಾಗಿರುತ್ತದೆ.

ಇಲ್ಲಿಯ ಕೆಲಸ ಹೇಗೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ರೈತರು ಗಾಡಿ ತಂದು ಹತ್ತಿಯ ಬೀಜ ಬಿಡಿಸುವ ಜಿನ್ನಿನ ಅಂಗಳದಲ್ಲಿ ಇಳಿಸುತ್ತಾರೆ. ನಾನು ಅರಳೆ ಹಿಡಿದು, ಎಳೆದು ನೋಡಿ ದರ ಹೇಳುತ್ತೇನೆ. ಬೀಜ ಬಿಡಿಸಿದ ಹತ್ತಿ ಗಿರಣಿಗೆ ಹೋಗುತ್ತದೆ. ಗಿರಣಿಯವರು ಅಪ್ಪನಿಗೆ ಹಣ ಕೊಡುತ್ತಾರೆ, ಅಪ್ಪ ನನಗೆ ಡ್ರಾಫ್ಟ್ ಕಳಿಸುತ್ತಾನೆ, ನಾನು ಹಂಚುತ್ತೇನೆ. ಅಲ್ಲಿಯವರೆಗೆ ಈ ರೈತರ ಕೈಯಲ್ಲಿರುವುದು ನನ್ನ ಮುಖ ಒಂದೇ. ಮೊದಲ ಡ್ರಾಫ್ಟ್ ಬಂತು, ಹಂಚಿದೆ.

ಹಳ್ಳಿಯ ಹಿರಿಯ ಕೊಮುರಯ್ಯ ಉರ್ದುವಿನಲ್ಲಿ ಮಾತಾಡುತ್ತಾನೆ, ನಮ್ಮ ಕಡೆಯ ಸಾಬರ ಹಾಗೆಯೇ. ಅಪ್ಪ ಹರೆಯದಲ್ಲಿ ಇಲ್ಲಿಗೆ ಬರುತ್ತಿದ್ದಾಗಿನ ಗುರುತು. “ನಿಮ್ಮ ಅಪ್ಪ ಕೂಗಿದರೆ ಎತ್ತುಗಳು ಕೂಡ ನಿಂತು ಕೇಳುತ್ತಿದ್ದವು” ಎನ್ನುತ್ತಾನೆ. ನನ್ನ ದನಿಗೆ ಎತ್ತು ಬಾಲವನ್ನೂ ಅಲ್ಲಾಡಿಸುವುದಿಲ್ಲ.

ಫೋಟೋದಲ್ಲಿ ಕಣ್ಣು ಮುಚ್ಚಿದ್ದು ನಿನ್ನನ್ನು ಮನಸ್ಸಿನಲ್ಲಿ ನೋಡುತ್ತಿದ್ದೆ ಎಂದು ತಿಳಿ. ನಿಜವಾಗಿ ಬಿಸಿಲಿತ್ತು.

ಸುಭಾಸ

—

ಬೈಲಹೊಂಗಲ
೧೨ ಜನವರಿ ೨೦೦೦

ನನ್ನ ಬಿಳಿ ಮೀಸೆಯ ರಾಜರೇ,

ನಿಮ್ಮ ಹೆಂಡತಿ ಈಗ ಈ ಓಣಿಯ ದೊಡ್ಡ ಮನುಷ್ಯಳು! ಕೇಳಿ.

ನಮ್ಮ ಟೀವಿಗೆ ಹೊಸ ಕೇಬಲ್ ಬಂದಿದೆ. ಅದರಲ್ಲಿ ಶೇರುಪೇಟೆಯದೇ ಒಂದು ಇಂಗ್ಲಿಷ್ ಚಾನೆಲ್. ದಿನವೂ ಸಂಜೆ ಒಬ್ಬ ಪಂಡಿತ ಬಂದು ಯಾವ ಶೇರು ಕೊಳ್ಳಬೇಕು ಎಂದು ಹೇಳುತ್ತಾನೆ. ಮಾವ ಅವನಿಗೆ ‘ಟೈ ಸಾವಕಾರ’ ಎಂದು ಹೆಸರಿಟ್ಟಿದ್ದಾರೆ. ಇಂಗ್ಲಿಷ್ ಬರುವವಳು ನಾನೊಬ್ಬಳೇ, ಹಾಗಾಗಿ ಸಾವಕಾರನ ಬಾಯಿ ನಾನೇ! ಕಿರಾಣಿ ಅಂದಾನೆಪ್ಪನವರು ಬರುತ್ತಾರೆ, ಹಿಂದಿನ ಮನೆಯ ದೇವಕ್ಕ ಬರುತ್ತಾರೆ, ಮಾವ ಗಾದಿಯ ಮೇಲೆ, ನಾನು ಟೀವಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ. ಅತ್ತೆಯವರು ಚಹಾ ತಂದು ಕುಕ್ಕುತ್ತ, “ನನಗ ಈ ವಯಸ್ಸಿನಾಗ ಸವತಿ ತಂದ್ರು, ಅಕಿಗೆ ನನ್ನ ಸೊಸಿನ ದುಭಾಷಿ” ಎನ್ನುತ್ತಾರೆ.

ನಿನ್ನೆ ಸಾವಕಾರ ‘ಇಂದ್ರನೀಲ ಸಿಸ್ಟಮ್ಸ್’ ಎಂಬ ಕಂಪ್ಯೂಟರ್ ಕಂಪನಿಯನ್ನು ಬಾಯಿ ತುಂಬ ಹೊಗಳಿದ. ಇನ್ನೂ ಎರಡು ಪಟ್ಟು ಆಗುತ್ತದಂತೆ. ಕೊನೆಯಲ್ಲಿ ಗಡಿಬಿಡಿಯಿಂದ ಒಂದು ಮಾತು ಹೇಳಿದ, ‘ವಿ ಹ್ಯಾವ್ ಪೊಸಿಷನ್ಸ್ ಇನ್ ದಿಸ್ ಸ್ಟಾಕ್’ ಎಂದು.

“ಕಡೀಕ ಲಗೂ ಲಗೂ ಏನೋ ಅಂದ್ನಲ್ಲ ಯವ್ವಾ, ಏನದು?” ಮಾವನ ಕಿವಿ ಎಷ್ಟು ಚುರುಕು ನೋಡಿ.

“ಆ ಕಂಪನ್ಯಾಗ ಅವರಿಗೆ ಪೊಸಿಷನ್ ಐತಂತ್ರಿ ಮಾವಾರ. ಅಂದ್ರ, ದೊಡ್ಡ ಸ್ಥಾನ.”

“ಹಂಗಾರ ಒಳಗಿನ ಮನಶ್ಯಾ ಅನ್ನು!”

“ಒಳಗ ಕುಂತಾಂವಗ ಗೊತ್ತಿರಲಾರದ ಇರತೈತೇನ್ರೀ?” ಎಂದು ಅಂದಾನೆಪ್ಪನವರು ತೊಡೆ ತಟ್ಟಿದರು.

ಇಂದು ಬೆಳಿಗ್ಗೆ ಮಾವ ಬೆಳಗಾವಿಯ ಬ್ರೋಕರನಿಗೆ ಫೋನ್ ಮಾಡಿ ಸ್ವಲ್ಪ ತೆಗೆದುಕೊಂಡಿದ್ದಾರೆ. ಮಧ್ಯಾಹ್ನದ ಹೊತ್ತಿಗೇ ಏರಿತ್ತು! ನನಗೆ ಐದು ರೂಪಾಯಿಯ ಚಾಕಲೇಟು ಬಂತು. ಅರ್ಧ ನಿಮಗೆಂದು ಇಟ್ಟಿದ್ದೆ. ಇರುವೆ ಬಂದವು, ತಿಂದುಬಿಟ್ಟೆ.

ನಿಮ್ಮ
ವಿಜಯಾ

—

ಎಲ್ಲಂಪೇಟ
೨೮ ಜನವರಿ ೨೦೦೦

ವಿಜಿ,

ಈ ಸಲ ಚಿಕ್ಕ ಪತ್ರ. ಅರಳೆ ಹೊಳೆಯ ಹಾಗೆ ಬರುತ್ತಿದೆ, ನಿಲ್ಲಿಸಲು ಆಗುವುದಿಲ್ಲ. ಎರಡನೆಯ ಡ್ರಾಫ್ಟ್ ಇನ್ನೂ ಬಂದಿಲ್ಲ. ಗಿರಣಿಗೆ ಮಾಲು ಹೋಗಿ ಬಹಳ ದಿನವಾಯಿತು. ಊಟಕ್ಕೆ ಕುಳಿತಾಗ ಅಪ್ಪನಿಗೆ ಮೆಲ್ಲಗೆ ನೆನಪು ಮಾಡು. ನಾನೂ ಬರೆದಿದ್ದೇನೆ. ಇಲ್ಲಿ ಯಾರೂ ಏನೂ ಅಂದಿಲ್ಲ. ಕೊಮುರಯ್ಯ ನಿನ್ನೆ ಬಂದು ಬಹಳ ಹೊತ್ತು ಕುಳಿತು, ಮಳೆಯ ವಿಷಯ ಮಾತಾಡಿ ಹೋದ. ಜನವರಿಯಲ್ಲಿ ಮಳೆಯ ವಿಷಯ ಯಾರು ಮಾತಾಡುತ್ತಾರೆ?

ಸುಭಾಸ

—

ಬೈಲಹೊಂಗಲ
೧೦ ಫೆಬ್ರುವರಿ ೨೦೦೦

ಸಿಡುಕ ಮಹಾರಾಜರೇ,

ಇಷ್ಟು ಚಿಕ್ಕ ಪತ್ರ ಬರೆದರೆ ನಾನು ಇಡೀ ದಿನ ಏನು ಓದಲಿ? ಕಾಗದದ ಹಿಂದುಮುಂದು ಎಲ್ಲ ಓದಿ ಕೊನೆಗೆ ಅಂಚೆಯ ಮುದ್ರೆಯನ್ನೂ ಓದಿದೆ.

ನಿಮ್ಮ ಡ್ರಾಫ್ಟಿನ ವಿಷಯ ಕೇಳಿದೆ. ಅದು ಗುಟ್ಟು, ಆದರೆ ನಿಮ್ಮಿಂದ ಮುಚ್ಚಿಟ್ಟರೆ ನನ್ನ ಹೊಟ್ಟೆ ಉಬ್ಬುತ್ತದೆ. ಗಿರಣಿಯ ಹಣ ಬಂದಿದೆ. ಮಾವ ಅದನ್ನು ಹದಿನೈದು ದಿನದ ಮಟ್ಟಿಗೆ ಇಂದ್ರನೀಲಕ್ಕೆ ಹಾಕಿದ್ದಾರೆ. “ರೊಕ್ಕ ಸುಮ್ನ ಕುಂದರೂದು ಬ್ಯಾಡ, ಒಂದು ಸುತ್ತು ತಿರಗಿ ಬರಲಿ” ಎಂದರು. ಏಕೆ ಗೊತ್ತೇ? ಬಂದ ಲಾಭದಲ್ಲಿ ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸುತ್ತಾರಂತೆ. ನಮ್ಮಿಬ್ಬರಿಗೆ! ಕಾಳಿನ ಚೀಲಗಳ ನಡುವೆ, ಅತ್ತೆಯವರ ಗೊರಕೆ ಕೇಳುತ್ತ ಮಲಗುವುದು ಮುಗಿಯಿತು. ಕಿಟಕಿ ಪೂರ್ವಕ್ಕೋ ಪಶ್ಚಿಮಕ್ಕೋ ನೀವೇ ಹೇಳಿ. ನಾನು ಪರದೆಯ ಬಣ್ಣವನ್ನೂ ನೋಡಿಟ್ಟಿದ್ದೇನೆ.

ಸಾವಕಾರ ಮೊನ್ನೆಯೂ ಹೇಳಿದ: ಕೊಳ್ಳಿ, ಇನ್ನೂ ಕೊಳ್ಳಿ. ನಾನು ಎಷ್ಟು ಚೆನ್ನಾಗಿ ಕನ್ನಡ ಮಾಡಿ ಹೇಳುತ್ತೇನೆಂದರೆ ದೇವಕ್ಕ ತಮ್ಮ ಎಮ್ಮೆ ಮಾರಿದ ಹಣವನ್ನೂ ಕೊಟ್ಟಿದ್ದಾರೆ. ನನಗೆ ಸ್ವಲ್ಪ ಹೆದರಿಕೆಯಾಯಿತು. ಸ್ವಲ್ಪವೇ.

ನಿಮ್ಮ ಮೇಲಿನ ಕೋಣೆಯ
ವಿಜಯಾ

—

ಬೈಲಹೊಂಗಲ
೧೨ ಮಾರ್ಚ್ ೨೦೦೦

ಇವರೇ,

ಒಂದು ತಿಂಗಳಾಯಿತು. ಅಂಚೆಯವನು ನನ್ನನ್ನು ನೋಡಿದರೆ ಈಗ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ. ನನ್ನ ಮೇಲೆ ಸಿಟ್ಟೇ? ಕೋಣೆ ಬೇಡವೇ? ನಾನು ಏನಾದರೂ ತಪ್ಪು ಬರೆದೆನೇ?

ಪೇಟೆ ಇಳಿಯುತ್ತಿದೆ. ಸಾವಕಾರ ಮಾತ್ರ ನಗುತ್ತಲೇ ಇದ್ದಾನೆ. ಇಳಿದಾಗ ಕೊಳ್ಳುವವನೇ ಜಾಣ ಎಂದ. ನಾನು ಹಾಗೆಯೇ ಹೇಳಿದೆ. ಮಾವ ಒಂದು ಗಳಿಗೆ ನನ್ನ ಮುಖ ನೋಡಿದರು.

“ಖರೇನ ಹಂಗ ಅಂದ್ನೇನು ಯವ್ವಾ?”

“ಹೌದ್ರಿ ಮಾವಾರ.”

ಮರುದಿನ ಗಿರಣಿಯಿಂದ ಬಂದ ಇನ್ನೊಂದು ಕಂತೂ ಬೆಳಗಾವಿಗೆ ಹೋಯಿತು. ಈಗ ಸಂಜೆ ಯಾರೂ ನಗುವುದಿಲ್ಲ. ಚಹಾ ಕುಕ್ಕುವ ಸದ್ದು ಕೂಡ ಇಲ್ಲ, ಅತ್ತೆಯವರು ಮೆಲ್ಲಗೆ ಇಡುತ್ತಾರೆ. ಅದೇ ನನಗೆ ಹೆಚ್ಚು ಹೆದರಿಕೆ.

ಒಂದೇ ಸಾಲು ಬರೆಯಿರಿ. ಬೈಯಿರಿ, ಪರವಾಗಿಲ್ಲ.

ವಿಜಯಾ

—

ಎಲ್ಲಂಪೇಟ
೨೪ ಮಾರ್ಚ್ ೨೦೦೦

ವಿಜಿ,

ನಾನು ಆರಾಮಾಗಿದ್ದೇನೆ. ನಿನ್ನ ಮೇಲೆ ಸಿಟ್ಟಿಲ್ಲ. ಯುಗಾದಿಗೆ ಬರಲು ಆಗುವುದಿಲ್ಲ, ಕೆಲಸ ಉಳಿದಿದೆ. ಇಲ್ಲಿಯವರು ನನ್ನನ್ನು ಮನೆಯ ಮಗನಂತೆ ನೋಡಿಕೊಳ್ಳುತ್ತಿದ್ದಾರೆ. ಈಗ ಜಿನ್ನಿನಲ್ಲಿ ಮಲಗಲು ಬಿಡುವುದಿಲ್ಲ. ಕೊಮುರಯ್ಯನ ಪಡಸಾಲೆಯಲ್ಲೇ ನನ್ನ ಹಾಸಿಗೆ, ಅವನ ಮನೆಯಲ್ಲೇ ಊಟ. ಒಬ್ಬನೇ ಎಲ್ಲಿಗೂ ಹೋಗಗೊಡುವುದಿಲ್ಲ, ಯಾರಾದರೂ ಜೊತೆಗೆ ಇದ್ದೇ ಇರುತ್ತಾರೆ. ಕೆರೆಗೆ ಹೋದರೂ.

ಅಪ್ಪನಿಗೆ ಬೇರೆ ಬರೆದಿದ್ದೇನೆ. ನೀನು ಪೇಟೆಯ ವಿಷಯ ಹಚ್ಚಿಕೊಳ್ಳಬೇಡ.

ಸುಭಾಸ

—

ಬೈಲಹೊಂಗಲ
೭ ಏಪ್ರಿಲ್ ೨೦೦೦

ಶ್ರೀಯುತರಿಗೆ,

ಮನೆಯ ಮಗನಾಗಿದ್ದೀರಿ. ಸಂತೋಷ. ಆ ಮನೆಯಲ್ಲಿ ಮಗಳೂ ಇದ್ದಾಳೆಯೇ? ನನ್ನ ಪ್ರಶ್ನೆ ಕೆಟ್ಟದ್ದು, ಗೊತ್ತು. ಆದರೆ ಕೆರೆಗೆ ಹೋದರೂ ಜೊತೆಗಿರುವವರು ಯಾರು? ಇಲ್ಲಿ ಯುಗಾದಿಯ ದಿನ ನಾನು ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದೆ. ಬರುವುದಿಲ್ಲ ಎಂದು ಬರೆದವರು ಕೂಡ ಒಮ್ಮೊಮ್ಮೆ ಬರುತ್ತಾರಲ್ಲ ಎಂದು. ಬೇವು ಬೆಲ್ಲದಲ್ಲಿ ಬೆಲ್ಲ ಹಾಕಲು ಅತ್ತೆಯವರು ಮರೆತಿದ್ದರು. ಮಾವ ಹಾಗೆಯೇ ತಿಂದರು.

ಮಾರಿಬಿಡೋಣ ಎಂದು ಮಾವ ಬೆಳಗಾವಿಗೆ ಫೋನ್ ಮಾಡುತ್ತಲೇ ಇದ್ದಾರೆ. ಕೊಳ್ಳುವವರೇ ಇಲ್ಲವಂತೆ. ಬೆಳಿಗ್ಗೆ ಪೇಟೆ ತೆರೆಯುವುದೇ ತಡ, ಆ ಶೇರು ಅಂದಿನ ಕೆಳಗಿನ ಮಿತಿಗೆ ಬಿದ್ದು ಅಲ್ಲೇ ಕುಳಿತುಬಿಡುತ್ತದೆ. ಮಾವ ನನ್ನನ್ನು ಕೇಳಿದರು, “ಮಾರವರು ಇದ್ದು ಕೊಳ್ಳವರ ಇಲ್ಲದ್ದು ಎಂಥಾ ಸವಾಲು ಯವ್ವಾ?” ದೇವಕ್ಕ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾರೆ. ಅವರ ಎಮ್ಮೆಯ ಖಾಲಿ ಗ್ವಾದಲಿ ನಮ್ಮ ಹಿತ್ತಲಿನಿಂದ ಕಾಣುತ್ತದೆ. ನಾನು ಹಿತ್ತಲಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ನಿಮಗೆ ಬೇಕಿದ್ದರೆ ಬನ್ನಿ. ಬೇಡವಾದರೆ ರಾಮದುರ್ಗದ ನನ್ನ ತವರಿಗೆ ಒಂದು ಕಾರ್ಡು ಹಾಕಿ, ನಾನು ಹೋಗುತ್ತೇನೆ.

ವಿಜಯಾ

—

ಎಲ್ಲಂಪೇಟ
೧೭ ಏಪ್ರಿಲ್ ೨೦೦೦

ವಿಜಿ,

ತವರಿಗೆ ಹೋಗಬೇಡ. ನಿಜ ಬರೆಯುತ್ತೇನೆ.

ನನ್ನನ್ನು ಇಲ್ಲಿಂದ ಬಿಡುತ್ತಿಲ್ಲ. ಜೊತೆಗಿರುವವರು ಕಾವಲಿನವರು. ಮಾರ್ಚ್ ಮೊದಲ ವಾರದಿಂದ ಹೀಗಿದೆ. ಹೊಡೆದಿಲ್ಲ, ಬೈದಿಲ್ಲ. ಊಟ ಹಾಕುತ್ತಾರೆ. ಆದರೆ ನನ್ನ ಬ್ಯಾಗು, ಚಪ್ಪಲಿ ಕೊಮುರಯ್ಯನ ಹೆಂಡತಿಯ ಅಡುಗೆಮನೆಯಲ್ಲಿವೆ. ಈ ಪತ್ರವನ್ನೂ ಅವನ ತಮ್ಮನ ಕೈಗೇ ಕೊಡಬೇಕು.

ಫೆಬ್ರುವರಿಯ ನಿನ್ನ ಪತ್ರ ಓದಿದ ದಿನ ನಾನು ಜಿನ್ನಿನ ಹಿಂದೆ ಹೋಗಿ ಕುಳಿತುಬಿಟ್ಟೆ. ಕಿಟಕಿ ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ನೀನು ಕೇಳಿದ್ದೆ. ನಿನಗೆ ಬಾಯಿಗೆ ಬಂದ ಹಾಗೆ ಬೈದು ಬರೆದೆ. ಹರಿದೆ. ಅಪ್ಪನಿಗೆ ಬರೆದೆ, ಮತ್ತೆ ಬರೆದೆ. ಅಪ್ಪನದು ಒಂದೇ ಉತ್ತರ: ಇನ್ನೊಂದು ವಾರ.

ಇವರು ಕೆಟ್ಟವರಲ್ಲ. ಇವರ ಹೊಲದ ಇಡೀ ವರ್ಷದ ಬೆಳೆ ನನ್ನ ಮಾತಿನ ಮೇಲೆ ಹೋಗಿದೆ. ಮೊನ್ನೆ ಕೊಮುರಯ್ಯ ನನ್ನ ಮುಂದೆ ಬಂದು ಕುಳಿತ. “ನಿನ್ನನ್ನು ಹಿಡಿದಿಟ್ಟರೆ ನಮಗೆ ಏನು ಸಿಗುತ್ತದೆ ಮಗನೇ? ದಿನಾ ಒಂದು ತಟ್ಟೆ ಅನ್ನ ಹೆಚ್ಚು ಖರ್ಚು. ಆದರೆ ಬಿಟ್ಟರೆ ನಮ್ಮ ಹತ್ತಿರ ಏನು ಉಳಿಯುತ್ತದೆ?” ಎಂದ. ಊರಿನ ಹುಡುಗರಿಗೆ ಅವನಷ್ಟು ತಾಳ್ಮೆ ಇಲ್ಲ. ಮುಂಗಾರಿಗೆ ಬೀಜ ತರಲು ಕೈಯಲ್ಲಿ ಏನೂ ಇಲ್ಲದವರು ಸಂಜೆ ಗುಂಪಾಗಿ ಬಂದು ಅಂಗಳದಲ್ಲಿ ನಿಲ್ಲುತ್ತಾರೆ. ಆಗ ಕೊಮುರಯ್ಯ ಹೊಸ್ತಿಲ ಮೇಲೆ ಅಡ್ಡ ಕೂರುತ್ತಾನೆ. ಅವನಿಗೂ ವಯಸ್ಸಾಗಿದೆ, ಎಷ್ಟು ದಿನ ಕೂರುತ್ತಾನೆ?

ವಿಜಿ, ನಿನ್ನ ಮಾತನ್ನು ಅಪ್ಪ ಕೇಳುತ್ತಾನೆ. ಆ ಶೇರು ಎಷ್ಟಕ್ಕೆ ಹೋದರೂ ಹೋಗಲಿ, ಮಾರಿ, ಬಂದಷ್ಟು ಕಳಿಸಲಿ. ನನಗೆ ಹೆದರಿಕೆಯಾಗುತ್ತಿದೆ. ಇದನ್ನು ಬರೆಯಬಾರದೆಂದು ಇಷ್ಟು ದಿನ ತಡೆದಿದ್ದೆ.

ಸುಭಾಸ

—

ಬೈಲಹೊಂಗಲ
೨೭ ಏಪ್ರಿಲ್ ೨೦೦೦

ನನ್ನ ಸುಭಾಸ,

ನಾನು ಮಗಳು ಇದ್ದಾಳೆಯೇ ಎಂದು ಕೇಳಿದೆ. ದೇವರೇ, ನಾನು ಅದನ್ನು ಕೇಳಿದೆ.

ನಿಮ್ಮ ಪತ್ರ ಬಂದಾಗ ಮಾವ ಟೀವಿಯ ಮುಂದೆ ಇದ್ದರು. ಮಧ್ಯಾಹ್ನ ಅಂಗಡಿಗೆ ಹೋಗುವುದನ್ನು ಅವರು ಬಿಟ್ಟು ಕೆಲವು ದಿನಗಳಾಗಿವೆ. ನಾನು ಪತ್ರ ಓದಿ ಪಡಸಾಲೆಗೆ ಬಂದೆ, ಹೇಳಲೆಂದೇ ಬಂದೆ. ಅಷ್ಟರಲ್ಲಿ ಸಾವಕಾರ ಬಂದ. ಕಾರ್ಯಕ್ರಮದ ಹುಡುಗಿ ಅವನನ್ನು ಕೇಳಿದಳು, ಇಂದ್ರನೀಲ ಹೀಗೆ ಬಿತ್ತಲ್ಲ, ನಿಮಗೂ ಪೆಟ್ಟು ಬಿದ್ದಿರಬೇಕು? ಅವನು ನಕ್ಕ. ‘ಇಲ್ಲ, ನಾವು ನಮ್ಮ ಪೊಸಿಷನ್ಸ್ ಫೆಬ್ರುವರಿಯಲ್ಲೇ ಮಾರಿದೆವು’ ಎಂದ.

“ಏನಂದಾ ಯವ್ವಾ?”

ಅದನ್ನು ಕನ್ನಡ ಮಾಡಲು ಹೋದೆ. ಸ್ಥಾನವನ್ನು ಹೇಗೆ ಮಾರುತ್ತಾರೆ? ಹುದ್ದೆಯನ್ನು ಬಿಡಬಹುದು, ಮಾರುವುದೆಂತು? ಆಗ ಹೊಳೆಯಿತು. ಜನವರಿಯಿಂದ ಅವನು ದಿನವೂ ಹೇಳುತ್ತಿದ್ದುದು ಏನೆಂದು ಆಗ ಹೊಳೆಯಿತು. ಕಾನ್ವೆಂಟಿನಲ್ಲಿ ಇಂಗ್ಲಿಷಿಗೆ ಬಹುಮಾನ ಪಡೆದವಳು ನಾನು.

“ಮಾವಾರ, ನಾ ತಪ್ಪ ಹೇಳೇನ್ರಿ. ಪೊಸಿಷನ್ ಅಂದ್ರ ಸ್ಥಾನ ಅಲ್ರಿ. ಅವನ ಹಂತೇಕ ಆ ಶೇರು ಇದ್ದೂ ಅಂತ. ಆ ಮಾಲು ಅವಂದೂ ಇತ್ತು. ಕೊಳ್ರಿ ಕೊಳ್ರಿ ಅಂತ ನಮಗ ಹೇಳಕೋತ ಫೆಬ್ರುವರ್ಯಾಗ ತಾ ಮಾರ್ಯಾನ.”

ಮಾವ ಎದ್ದು ಹೆಗಲ ಮೇಲಿನ ವಲ್ಲಿ ತೆಗೆದು ಟೀವಿಯ ಮೇಲೆ ಹಾಕಿದರು. ಸಾವಕಾರನ ಮುಖ ಮುಚ್ಚಿತು, ದನಿ ಮಾತ್ರ ಬರುತ್ತಲೇ ಇತ್ತು. ಅಡುಗೆಮನೆಯಿಂದ ಬಂದ ಅತ್ತೆಯವರು, “ಏನ್ರೀ, ಟೀವಿಗೆ ಥಂಡಿ ಆಗೇತೇನು?” ಎಂದರು.

“ಅಂವಾ ಸುಳ್ಳ ಹೇಳಿಲ್ಲ ಯವ್ವಾ,” ಎಂದರು ಮಾವ. “ದಿನಾ ಹೇಳ್ಯಾನ. ವಲ್ಲಿ ಹಾಕೇ ಕೂಗ್ಯಾನ. ವಲ್ಲಿ ಹಾಕಿದ ಮ್ಯಾಲೂ ಕೂಗಬಹುದು ಅನ್ನೂ ಪ್ಯಾಟಿ ಅದು. ಅಂಥಾ ಪ್ಯಾಟ್ಯಾಗ ನಾ ಹೋಗಿ ನಿಂತೆ.”

ಆಗ ನಾನು ನಿಮ್ಮ ಪತ್ರ ಓದಿ ಹೇಳಿದೆ. ಅವರಿಗೆ ಗೊತ್ತಿತ್ತು. ಪೂರ್ತಿ ಗೊತ್ತಿರಲಿಲ್ಲ, ಆದರೆ ಗೊತ್ತಿತ್ತು. ಹುಡುಗರು ಅಂಗಳದಲ್ಲಿ ನಿಲ್ಲುತ್ತಾರೆ ಎಂಬಲ್ಲಿ ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದರು. ಬೆಳಗಾವಿಗೆ ಫೋನ್ ಮಾಡಿ, ಯಾವ ದರಕ್ಕಾದರೂ ಕೊಟ್ಟುಬಿಡು ಎಂದರು. ಈಗ ಕೊಳ್ಳುವವರು ಇದ್ದಾರೆ, ಆದರೆ ಬರುವುದು ಹತ್ತಿ ಸಾಗಿಸಿದ ಬಾಡಿಗೆಗೂ ಸಾಲದಷ್ಟು. ಈಗ ಅತ್ತೆಯವರು ಅವರ ಧೋತರ ಮಡಿಸುತ್ತಿದ್ದಾರೆ. ಎಲ್ಲಿಗೆ ಎಂದು ಮಾವನನ್ನು ಕೇಳಿದೆ. “ನನ್ನ ಮಾಲು ಅಲ್ಲಿ ಐತಿ” ಎಂದರು.

ಸುಭಾಸ, ಹೊಸ್ತಿಲ ಒಳಗೇ ಇರಿ. ಕೊಮುರಯ್ಯನವರನ್ನು ಹೊಸ್ತಿಲ ಮೇಲೆ ಕೂರಿಸಿಕೊಳ್ಳಿ. ಅವರ ಕಾಲಿಗೆ ನನ್ನ ನಮಸ್ಕಾರ.

ವಿಜಿ

—

ವರಂಗಲ್ ಸ್ಟೇಷನ್
೮ ಮೇ ೨೦೦೦

ವಿಜಿ,

ಗಾಡಿ ತಡವಾಗಿದೆ. ಈ ಪತ್ರ ನನಗಿಂತ ಮೊದಲು ತಲುಪುತ್ತದೆಯೋ ಇಲ್ಲವೋ. ಆದರೂ ಬರೆಯದೆ ಇರಲಾಗಲಿಲ್ಲ.

ಅಪ್ಪ ಬಂದ. ಟ್ರಂಕು, ಹಾಸಿಗೆ ಸುರುಳಿ, ತಂಬಿಗೆ ಎಲ್ಲ ತಂದಿದ್ದ. ಊರಿನವರನ್ನು ಸೇರಿಸಿ, ತನ್ನ ಹಳೆಯ ಉರ್ದುವಿನಲ್ಲಿ, ಶೇರು, ಟೀವಿ ಯಾವುದನ್ನೂ ಮುಚ್ಚದೆ ಹೇಳಿದ. ಒಬ್ಬ ಹುಡುಗ ಎದ್ದು ಅಪ್ಪನ ಅಂಗಿ ಹಿಡಿದ. ಅಪ್ಪ ಬಿಡಿಸಿಕೊಳ್ಳಲಿಲ್ಲ. “ಮಗನ್ನ ಬಿಡ್ರಿ. ಅಂವಾ ಹೋಗಿ ದುಡದು ಕಳಸ್ತಾನ. ಎಲ್ಲಾ ರೊಕ್ಕ ಮುಟ್ಟೂ ತನಾ ನಾ ಇಲ್ಲೇ ಇರತೇನಿ. ಕುಂತ್ರ ಇಬ್ರೂ ಕುಂದರೂದು ಯಾತಕ್ಕ?” ಎಂದ. ನಾನು ಹೋಗುವುದಿಲ್ಲ ಎಂದು ಜಗಳ ಮಾಡಿದೆ. ಮದುವೆಯಾದ ಮೇಲೆ ಮೊದಲ ಸಲ ನನಗೆ ಏಟು ಕೊಟ್ಟ, ಬೆನ್ನಿಗೆ, ಎಲ್ಲರ ಮುಂದೆ. ಆಮೇಲೆ ಕೊಮುರಯ್ಯನ ಹೆಂಡತಿ ನನ್ನ ಚಪ್ಪಲಿ ತಂದಿಟ್ಟಳು. ತೊಳೆದು ಇಟ್ಟಿದ್ದಳು.

ನಿನ್ನ ತಪ್ಪಿನ ವಿಷಯ ನಾನೇ ತೆಗೆದೆ. ಅಪ್ಪ ಹೇಳಿದ: “ಅಕಿ ಸರಿನ ಹೇಳಿದ್ಲು. ನನಗ ಕಿವಿ ಮಂದ.”

ನಾನು ಬರುತ್ತಿದ್ದೇನೆ. ಇಷ್ಟು ದಿನ ಇದೊಂದೇ ಸಾಲು ಬರೆಯಬೇಕೆಂದಿದ್ದೆ. ಬರೆದೆ.

ಸುಭಾಸ

—

ಬೈಲಹೊಂಗಲ
೨೪ ಮೇ ೨೦೦೦

ಪೂಜ್ಯ ಮಾವನವರ ಪಾದಗಳಿಗೆ ನಿಮ್ಮ ಸೊಸೆ ವಿಜಯಾ ತಲೆಯಿಟ್ಟು ಬರೆಯುವುದೇನೆಂದರೆ,

ಇವರು ಬಂದಿದ್ದಾರೆ. ಬಹಳ ಇಳಿದಿದ್ದಾರೆ. ಬಾಗಿಲ ಹತ್ತಿರ ಯಾರಾದರೂ ನಿಂತರೆ ಊಟ ಬಿಟ್ಟು ಏಳುತ್ತಾರೆ. ಅಂಗಡಿಯ ಬಾಗಿಲು ತೆಗೆದಿದ್ದೇವೆ, ಆದರೆ ನಿಮ್ಮ ದನಿ ಇಲ್ಲದ ಅಂಗಡಿಗೆ ಮಾಲು ತರುವವರು ಕಡಿಮೆ. ಸವದತ್ತಿಯ ಒಬ್ಬ ವರ್ತಕರ ಹತ್ತಿರ ಇವರು ಕಾಳು ಖರೀದಿಗೆ ಹೋಗುತ್ತಾರೆ. ನಾನು ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತ ಇದ್ದೇನೆ. ಎಲ್ಲವನ್ನೂ ನಿಮ್ಮ ಕಡೆಗೇ ಕಳಿಸುತ್ತೇವೆ. ಎಷ್ಟು ಮಳೆಗಾಲ ಬೇಕಾಗುತ್ತದೋ ತಿಳಿಯದು. ಅತ್ತೆಯವರು ದಿನವೂ ಸಂಜೆ ನಿಮ್ಮ ಲೋಟದಲ್ಲೂ ಚಹಾ ಹಾಕಿ, ಆಮೇಲೆ ತಾವೇ ಕುಡಿಯುತ್ತಾರೆ.

ಆ ಚಾನೆಲ್ಲಿಗೆ ನಾನು ಇಂಗ್ಲಿಷಿನಲ್ಲಿ ಪತ್ರ ಬರೆದಿದ್ದೆ. ದೇವಕ್ಕನ ಎಮ್ಮೆಯ ವಿಷಯವನ್ನೂ ಬರೆದಿದ್ದೆ. ಅಚ್ಚಾದ ಒಂದು ಕಾರ್ಡು ಬಂತು: ಅಭಿಪ್ರಾಯಗಳು ತಜ್ಞರ ಸ್ವಂತದವು. ಈ ಸಲ ಅನುವಾದದಲ್ಲಿ ತಪ್ಪಿಲ್ಲ ಮಾವ, ಎರಡು ಸಲ ಓದಿದ್ದೇನೆ.

ಮೊನ್ನೆ ಅಂದಾನೆಪ್ಪನವರು ಬಂದಿದ್ದರು. ಅವರ ಮನೆಗೂ ಅದೇ ಕೇಬಲ್ ಬಂದಿದೆಯಂತೆ, ಸಾವಕಾರ ಹೊಸ ಟೈ ಹಾಕಿಕೊಂಡು ಔಷಧಿ ಕಂಪನಿ ಕೊಳ್ಳಿ ಎನ್ನುತ್ತಿದ್ದಾನಂತೆ. “ಒಂದ ಸಲ ಬಂದು ಹೇಳ ತಂಗಿ, ಹ್ವಾದದ್ದು ತಿರುಗಿ ಬರಬೇಕಲ್ಲ” ಎಂದರು. ಹೋದೆ. ಮೊದಲು ಅವನ ಕೊನೆಯ ಮಾತನ್ನೇ ಹೇಳಿದೆ: “ಈ ರಾಶ್ಯಾಗ ಅವನ ಮಾಲು ಐತಂತ.” ಅಂದಾನೆಪ್ಪನವರು, “ಅದು ಇರಲಿ, ಮುಂದಿಂದು ಹೇಳು” ಎಂದರು. ನಾನು ಎದ್ದು ಬಂದೆ.

ನಿಮ್ಮ ಕಿವಿ ಮಂದವಲ್ಲ ಮಾವ. ಎಲ್ಲರ ಮುಂದೆ ಅದನ್ನು ಹೇಳಬೇಡಿ. ಗಡಿಬಿಡಿಯಲ್ಲಿ ಹೇಳಿದ ಆ ಒಂದು ಮಾತನ್ನು ಕೇಳಿಸಿಕೊಂಡವರು ನೀವೊಬ್ಬರೇ.

ನಿಮ್ಮ ವಲ್ಲಿ ಇನ್ನೂ ಟೀವಿಯ ಮೇಲೆ ಇದೆ. ಯಾರೂ ತೆಗೆದಿಲ್ಲ. ಅಂಚೆಯಲ್ಲಿ ಕಳಿಸಲೇ? ಅಲ್ಲಿ ಬಿಸಿಲು ಬಹಳ ಎಂದು ಇವರು ಹೇಳುತ್ತಾರೆ.

ವಿಜಯಾ

—

ಎಲ್ಲಂಪೇಟ
೬ ಜೂನ್ ೨೦೦೦

ಚಿ. ಸೌ. ವಿಜಯವ್ವನಿಗೆ ನಿಜಗುಣಪ್ಪನ ಆಶೀರ್ವಾದ.

ಪತ್ರ ಮುಟ್ಟಿತು, ನೀವು ಕಳಿಸಿದ್ದೂ ಮುಟ್ಟಿತು, ಹಂಚಿದೆ. ನನ್ನ ಅಂಗಿ ಹಿಡಿದ ಹುಡುಗನಿಗೆ ಮೊದಲು ಕೊಟ್ಟೆ. ಬೀಜ ತಂದ. ಉಳಿದವರಿಗೆ ಕೊಡುವುದು ಬಹಳ ಇದೆ. ಈ ಮಳೆಗಾಲಕ್ಕೆ ನಾನು ಬರುವುದಿಲ್ಲ, ನಿನ್ನ ಅತ್ತೆಗೆ ಹೇಳು. ನನ್ನ ಲೋಟದ ಚಹಾ ನೀನು ಕುಡಿ.

ಇಲ್ಲಿ ವಾರಕ್ಕೊಮ್ಮೆ ಮೆಣಸಿನಕಾಯಿಯ ಸವಾಲು ಆಗುತ್ತದೆ. ಕೂಗುವವನು ತನ್ನ ಭಾವನ ಮಾಲಿಗೆ ಏರಿಸಿ ಕೂಗಿದ ಎಂದು ದೊಡ್ಡ ಜಗಳವಾಯಿತು. ಆಗ ಕೊಮುರಯ್ಯ ನನ್ನ ಕೈ ಹಿಡಿದು ಎಬ್ಬಿಸಿ ನಡುವೆ ನಿಲ್ಲಿಸಿದ. “ಇನ್ನು ಮುಂದೆ ಇವನು ಕೂಗಲಿ. ಈ ಊರಿನಲ್ಲಿ ಇವನದು ಎಂದು ಒಂದು ಕಾಯಿಯೂ ಇಲ್ಲ” ಎಂದ. ಮಂದಿ ನಕ್ಕರು. ನಾನೂ ನಕ್ಕೆ. ಕೂಗಿದೆ. ದನಿ ಇನ್ನೂ ಇದೆ.

ವಲ್ಲಿ ಕಳಿಸಬೇಡ. ಅಲ್ಲೇ ಇರಲಿ. ಇಲ್ಲಿ ಯಾವ ರಾಶಿಯ ಮೇಲೆ ಹಾಕಲಿ?